ಕಿವಿ ನಡೆಯದ ಊರು

ಅತ್ತಿಗೆ ತಂದ ಅಕ್ಕಿ ಬೇಯಲಿಲ್ಲ. ಎಸರು ಬತ್ತಿದಾಗಲೆಲ್ಲ ನೀರು ಹೊಯ್ದೆ, ಒಲೆಗೆ ಸೌದೆ ತುರುಕಿದೆ, ಮುಚ್ಚಳದ ಮೇಲೆ ಕಲ್ಲು ಹೇರಿದೆ. ಅಗುಳನ್ನು ಬೆರಳಲ್ಲಿ ಹಿಚುಕಿದರೆ ಹೊಳೆದಂಡೆಯ ಹರಳಿನ ಹಾಗೆ ಗಟ್ಟಿಯಾಗಿಯೇ ಇತ್ತು. ನಮ್ಮೂರಿನಲ್ಲಿ ಬೇಯದ ಅಕ್ಕಿಗೆ ಒಂದೇ ಅರ್ಥ: ಅದನ್ನು ಅರೆಗಿವಿಯಲ್ಲಿ ಕೊಂಡಿದ್ದಾರೆ. ಆದರೆ ಕೊಂಡವರು ನಮ್ಮ ಅಚ್ಚಮ್ಮತ್ತಿಗೆ. ಹಾಗಾಗಿ ನಾನು ಮೊದಲು ಒಲೆಯನ್ನು ಅನುಮಾನಿಸಿದೆ, ಆಮೇಲೆ ಪಾತ್ರೆಯನ್ನು, ಆಮೇಲೆ ಬಾವಿಯ ನೀರನ್ನು. ಅತ್ತಿಗೆಯನ್ನು ಅನುಮಾನಿಸುವುದು ನನ್ನಿಂದಾಗಲಿಲ್ಲ.

ನಮ್ಮಲ್ಲಿ ಏನು ಬೇಕಾದರೂ ಕಿವಿ ಕೊಟ್ಟೇ ಕೊಳ್ಳಬೇಕು. ಎಲೆ ಅಡಿಕೆ ಬೇಕಾದರೆ ಮಾರುವವಳ ಮಂಡಿನೋವು ಕೇಳಿದರೆ ಸಾಕು. ಮಣ್ಣಿನ ಗಡಿಗೆಗೆ ಕುಂಬಾರರ ಮನೆಯ ಅಣ್ಣತಮ್ಮಂದಿರ ಜಗಳ ಕೇಳಬೇಕು. ಸೀರೆಯೆಂದರೆ ನೇಕಾರರ ಜಗುಲಿಯಲ್ಲಿ ಕೂತು, ಮುರಿದುಹೋದ ಮದುವೆಯೊಂದರ ಕತೆಯನ್ನು ಬುಡದಿಂದ ತುದಿಯವರೆಗೆ ಕೇಳಬೇಕು. ನಡುವೆ ಮನಸ್ಸು ಅಡುಗೆಮನೆಯ ಕಡೆ ಹೋಯಿತೋ, ಮೊದಲ ಒಗೆತಕ್ಕೇ ಸೆರಗು ಬಣ್ಣ ಬಿಡುತ್ತದೆ. ಬಣ್ಣ ಬಿಟ್ಟ ಸೀರೆಯುಟ್ಟು ಬೀದಿಗೆ ಬಂದವರನ್ನು ಯಾರೂ ಏನೂ ಅನ್ನುವುದಿಲ್ಲ. ಬರೀ ಸೆರಗನ್ನು ನೋಡುತ್ತಾರೆ, ಅಷ್ಟೇ.

ಇಂಥ ಊರಿನಲ್ಲಿ ಅಚ್ಚಮ್ಮತ್ತಿಗೆ ದೊಡ್ಡ ಸಾಹುಕಾರ್ತಿ. ಆಕೆಯ ಹಾಗೆ ಕೇಳುವವರು ಇರಲಿಲ್ಲ. ಸುಮ್ಮಸುಮ್ಮನೆ ಹೂಂಗುಟ್ಟುತ್ತಿರಲಿಲ್ಲ, ನಡುವೆ ಬಾಯಿ ಹಾಕುತ್ತಿರಲಿಲ್ಲ, ನನಗೂ ಹೀಗೇ ಆಗಿತ್ತು ಎಂದು ತನ್ನ ಕತೆ ತೆಗೆಯುತ್ತಿರಲಿಲ್ಲ. ಹೊಳೆಸ್ವಾಮಿಯ ಗುಡಿಯ ಮಂಟಪದಲ್ಲಿ ನಮ್ಮಪ್ಪ ಕಾವ್ಯ ಓದುವಾಗ ಹೆಂಗಸರ ಸಾಲಿನ ಮೊದಲ ಕಂಬ ಆಕೆಯದು, ಎರಡನೆಯದು ನನ್ನದು. ನಾವಿಬ್ಬರೂ ಅಲ್ಲಿ ಕೂತು ಕೇಳುತ್ತಲೇ ಬೆಳೆದವರು. ಆಮೇಲೆ ಆಕೆ ನಮ್ಮಣ್ಣನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಳು. ಜನ ಆಕೆಗೆ ಹೇಳಬೇಕೆಂದೇ ಕೆಲವು ಮಾತುಗಳನ್ನು ಎತ್ತಿಟ್ಟುಕೊಳ್ಳುತ್ತಿದ್ದರು.

ಅಕ್ಕಿ ಅಂಗಡಿಯ ರಾಚಪ್ಪನೂ ಹಾಗೇ ಎತ್ತಿಟ್ಟುಕೊಂಡಿದ್ದ. ಅಕ್ಕಿ ಬೇಯದ ದಿನ ಇಳಿಹೊತ್ತಿಗೆ ಅವನೇ ನಮ್ಮ ಮನೆಗೆ ಬಂದ. ಜಗುಲಿಯ ಮೇಲೆ ಕೂರು ಎಂದರೂ ಕೂರಲಿಲ್ಲ.

"ಅಕ್ಕಿ ಬೇಯ್ತಾ ತಾಯಿ?" ಎಂದ.

ಅತ್ತಿಗೆ ತಲೆಯಾಡಿಸಿದಳು, ಇಲ್ಲವೆಂದು.

"ಗೊತ್ತು. ನಮ್ಮವ್ವ ಸತ್ತದ್ದು ನಿಮ್ ಮುಂದೆ ಹೇಳಿದ್ಮೇಲೂ ಎದೆ ಹಗುರ ಆಗ್ಲಿಲ್ಲ. ನಾನೇ ಸರಿಯಾಗಿ ಹೇಳ್ಲಿಲ್ವೇನೋ ಅಂದ್ಕೊಂಡೆ. ಅಕ್ಕಿ ಹೋಗ್ಲಿ ಬಿಡಿ, ಇನ್ನೊಂದ್ ಮೂಟೆ ಕಳಿಸ್ತೀನಿ. ಬೇರೆ ಯಾರಾದ್ರೂ ಆಗಿದ್ರೆ ಮಾತೂ ಆಡ್ತಿರ್ಲಿಲ್ಲ. ನೀವು ಹಿಂಗ್ ಮಾಡಿದ್ರಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ, ಹೋದ. ಅತ್ತಿಗೆ ಅವನ ಬೆನ್ನನ್ನೇ ನೋಡುತ್ತ ನಿಂತಳು. ಇನ್ನೊಮ್ಮೆ ಹೇಳಪ್ಪ ಎಂದು ಕೂಗಬಹುದಿತ್ತು ಎಂದು ಹೊರಗಿನವರಿಗೆ ಅನ್ನಿಸೀತು. ನಮ್ಮೂರಿನಲ್ಲಿ ಹಾಗೆ ಕೇಳುವಂತಿಲ್ಲ. ಹೇಳಿದ್ದನ್ನು ಮತ್ತೆ ಹೇಳು ಎನ್ನುವುದು ಮುಖದ ಮೇಲೆ ಉಗಿದ ಹಾಗೆ. ಹಾಗೆ ಕೇಳಿದವರ ಜೊತೆ ಸಂಬಂಧ ಕಡಿದುಕೊಂಡ ಮನೆಗಳಿವೆ.

ಸ್ವಲ್ಪ ಹೊತ್ತಾದ ಮೇಲೆ ಅತ್ತಿಗೆ ನನ್ನನ್ನು ಕರೆದಳು. "ತುಂಗಿ, ನನ್ನ ಎಡಗಡೆ ಬಂದು ನಿಂತ್ಕೊ. ಏನಾದ್ರೂ ಅನ್ನು."

ನಿಂತು, ಸ್ವಾಮಿಯ ಹೆಸರು ಹೇಳಿದೆ. ಆಕೆ ಅಂಗಳದ ಕಡೆಯೇ ನೋಡುತ್ತಿದ್ದಳು.

"ಅಂದ್ಯಾ?"

ನಾನು ಬಲಗಡೆಗೆ ಬಂದು, "ಅಂದೆ ಅತ್ತಿಗೆ," ಎಂದೆ.

"ಅಂಗಡೀಲಿ ರಾಚಪ್ಪ ಎಡಗಡೆ ಕೂತಿದ್ದ," ಎಂದಳು. ಕಿವಿಯೇ ಹೋದರೆ ನಾಳೆ ಮನೆಗೆ ಉಪ್ಪು ಬೇಳೆ ಹೇಗೆ ತರುವುದು ಎಂಬ ಯೋಚನೆ ನನಗೆ ಬಂದಿತ್ತು. ಆಕೆಗೆ ಅದಲ್ಲ. ಒಬ್ಬ ತನ್ನ ತಾಯಿಯ ಸಾವನ್ನು ನಂಬಿ ತಂದು ಕೊಟ್ಟಿದ್ದ, ತಾನು ಅದನ್ನು ಅರ್ಧ ನೆಲಕ್ಕೆ ಚೆಲ್ಲಿದೆ ಎಂದು ಆಕೆ ಆ ರಾತ್ರಿ ಊಟ ಬಿಟ್ಟಳು.

ಕಿವಿಯ ಡಾಕ್ಟರು ಇದ್ದದ್ದು ಹೊಳೆಯಾಚೆಯ ಸೀಮೆಯಲ್ಲಿ, ಮೇಗಳಪುರದಲ್ಲಿ. ನಮ್ಮಣ್ಣ ಬೋರಣ್ಣ ಎತ್ತಿನ ವ್ಯಾಪಾರಕ್ಕೆ ಆ ಕಡೆಗೆಲ್ಲ ಓಡಾಡಿದವನು. ದಾರಿ ಹೇಳುವುದಕ್ಕೆ ಕೂತ.

"ಮೇಗಳಪುರ ನಮ್ಮ ಊರುಗಳ ಕೂಟಕ್ಕೆ ಸೇರಿದ್ದು, ದಿಟ. ಗಡೀಲಿ ತಡೆಯಲ್ಲ, ಚೀಲ ಬಿಚ್ಚಿಸಲ್ಲ. ಹಂಗಂತ ಅಲ್ಲಿ ಕಿವಿ ನಡೆಯುತ್ತೆ ಅನ್ಕೋಬೇಡ. ಕೂಟದ ಊರೇ ಬೇರೆ, ಕಿವಿ ನಡೆಯೋ ಊರೇ ಬೇರೆ. ಕೂಟದೊಳಗಿದ್ದೂ ಕಿವಿ ಒಪ್ಪದ ಊರಿದಾವೆ, ಹೊರಗಿದ್ದೂ ಒಪ್ಪೋ ಊರಿದಾವೆ. ಒಂದೊಂದನ್ನೂ ವಿಚಾರಿಸ್ಕೊಂಡೇ ಹೊರಡಬೇಕು."

"ಮೇಗಳಪುರದಲ್ಲಿ ಹೊಳೆಸ್ವಾಮಿ ಗುಡಿ ಇಲ್ವಾ?" ಎಂದಳು ಅತ್ತಿಗೆ.

"ಇದೆ. ನಮ್ಮದಕ್ಕಿಂತ ದೊಡ್ಡದು."

"ನಮ್ಮ ಪದ್ಯಾನೇ ಓದ್ತಾರೆ ತಾನೆ?"

"ಓದ್ತಾರೆ. ನಮಗಿಂತ ಚೆನ್ನಾಗಿ."

"ಮತ್ತೆ? ಸ್ವಾಮಿ ಪದ್ಯ ಓದೋ ಊರಲ್ಲಿ ಕಿವಿ ನಡೆಯಲ್ಲ ಅಂದ್ರೆ ಯಾರು ನಂಬ್ತಾರೆ? ಕೇಳೋದೇ ಪೂಜೆ ಅಂತಲ್ವೇ ಪದ್ಯ ಇರೋದು?"

ಬೀದಿಯವರೆಲ್ಲ ಅತ್ತಿಗೆಯ ಮಾತೇ ಸರಿ ಎಂದರು. ದೇವರು ಒಂದಾದ ಮೇಲೆ ಚಲಾವಣೆ ಎರಡಾಗುವುದುಂಟೆ? ನಮ್ಮವರು ಯಾತ್ರೆ ಹೊರಡುವಾಗ ಮೊದಲಿನಿಂದಲೂ ಹೀಗೇ ಲೆಕ್ಕ ಹಾಕುವುದು. ಯಾವ ಊರಿನಲ್ಲಿ ಯಾವ ದೇವರು ಎಂದು ಕೇಳುತ್ತಾರೆ, ಏನು ಕೊಟ್ಟು ಕೊಳ್ಳುತ್ತಾರೆ ಎಂದು ಕೇಳುವುದಿಲ್ಲ. ಅಣ್ಣ ಸೋತು, "ಹೋಗ್ಲಿ, ದೋಣಿ ಕಡವಿನ ಹತ್ರ ಚಿಲ್ಲರೆಕಟ್ಟೆ ಇದೆ. ಅಲ್ಲಿ ಕೂತಿರೋವ್ನ ಮಾತು ಕೇಳಿದ್ರೆ ನಾಣ್ಯ ಕೊಡ್ತಾನೆ. ಒಂದಷ್ಟು ಸೆರಗಿಗೆ ಕಟ್ಕೊಂಡು ಹೋಗು," ಎಂದ. ಅತ್ತಿಗೆ, "ಬೇಡ," ಎಂದಳು, ತುಸು ಗಡುಸಾಗಿ.

ಅತ್ತಿಗೆ, ನಾನು ಇಬ್ಬರೇ ಹೊರಟೆವು. ಕಡವಿಗೆ ಬಂದಾಗ ನಾನು ಕಟ್ಟೆಯ ಕಡೆ ತಿರುಗಿದೆ. ಅಲ್ಲಿ ಕೂತಿದ್ದವನು ದಪ್ಪ ಮೀಸೆಯ ಮುದುಕ, ದನಿ ಸಣ್ಣದು, ಬಾಯಿ ತುಂಬ ಎಲೆ ಅಡಿಕೆ. ಅತ್ತಿಗೆ ಅವನ ಬಾಯನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ದೋಣಿಯ ಕಡೆ ಎಳೆದಳು. ಆಗ ನನಗೆ ತಿಳಿಯಿತು. ಅರೆಗಿವಿಯಲ್ಲಿ ಪಡೆದ ನಾಣ್ಯ ಗಡಿ ದಾಟಿದರೆ ಹಂಚಿನ ಬಿಲ್ಲೆಯಾಗುತ್ತದೆ. ಆಕೆ ದೇವರ ಮೇಲೆ ಭಾರ ಹಾಕಿದ್ದು ಭಕ್ತಿಯಿಂದ ಮಾತ್ರವಲ್ಲ, ಹೆದರಿಕೆಯಿಂದಲೂ. ಬದುಕಿನಲ್ಲಿ ಮೊದಲ ಸಲ ಆಕೆ ಒಬ್ಬ ಮನುಷ್ಯನ ಮಾತಿಗೆ ಹೆದರಿದ್ದಳು.

ದೋಣಿಯವನು ನಮ್ಮ ಕಡೆಯವನೇ. ಬಲಗಡೆ ಕೂತು, ಹಾಳಾದ ಮೊಸಳೆಯೊಂದು ತನ್ನ ಬಲೆ ಹರಿದ ಕತೆ ಹೇಳಿದ. ಹುಟ್ಟಿನ ಸದ್ದಿನ ನಡುವೆಯೂ ಅತ್ತಿಗೆ ಮುಖ ಚಾಚಿ ಕೇಳಿದಳು, ದೋಣಿ ಸೋರದೆ ಆಚೆ ದಡ ಮುಟ್ಟಿತು. ಅಲ್ಲಿಂದ ಮೇಗಳಪುರಕ್ಕೆ ಉಪ್ಪಿನ ಬಯಲು ದಾಟಬೇಕು. ಬಯಲಿನ ನಡುವೆ ಉಪ್ಪಿನಹರವು ಎಂಬ ಪುಟ್ಟ ಊರು. ಅದು ಕೂಟಕ್ಕೆ ಸೇರಿಲ್ಲ. ಅಲ್ಲಿ ನಮ್ಮ ಸ್ವಾಮಿಯ ಗುಡಿಯಿಲ್ಲ, ಪದ್ಯವೂ ಇಲ್ಲ. ಒಂದು ಕಲ್ಲಿಗೆ ಉಪ್ಪು ಸವರಿ ಕೈಮುಗಿಯುತ್ತಾರೆ. ಹಾಗಾಗಿ ಅಲ್ಲಿ ನಮ್ಮದೇನೂ ನಡೆಯದೆಂದು ನಾವು ಯಾರನ್ನೂ ಮಾತಾಡಿಸದೆ, ಗಂಟಿನಲ್ಲಿದ್ದ ಅವಲಕ್ಕಿ ಮುಗಿದ ಮೇಲೆ ಒಂದು ಗೋಡೆಯ ನೆರಳಿನಲ್ಲಿ ಹಸಿದು ಕೂತೆವು.

ಗೋಡೆಯಾಚೆಯಿಂದ ಒಬ್ಬ ಹೆಂಗಸು ಬಂದಳು. ಕೈಯೆಲ್ಲ ಉಪ್ಪಿನ ಬಿರುಕು. ನೀಲವ್ವ ಎಂದು ಹೆಸರು ಹೇಳಿಕೊಂಡಳು. ಎರಡು ಬಟ್ಟಲು ರಾಗಿಗಂಜಿ ನಮ್ಮ ಮುಂದಿಟ್ಟಳು.

"ಕುಡೀರಿ."

"ನಮ್ಮ ಹತ್ರ ನಾಣ್ಯ ಇಲ್ಲಮ್ಮ," ಎಂದೆ ನಾನು.

"ನಾಣ್ಯ ಯಾರಿಗ್ ಬೇಕು? ಕಿವಿ ಇಲ್ವಾ ನಿಮಗೆ?"

ಅತ್ತಿಗೆ ನನ್ನ ಮುಖ ನೋಡಿದಳು. ನೀಲವ್ವ ನಮ್ಮೆದುರು ಕುಕ್ಕರಗಾಲಲ್ಲಿ ಕೂತು ಹೇಳತೊಡಗಿದಳು. ಆಕೆಯ ಮಗಳು ಗಂಡನ ಮನೆಯಿಂದ ಸಿಟ್ಟು ಮಾಡಿಕೊಂಡು ಬಂದಿದ್ದಾಳೆ. ಸಿಟ್ಟು ಏತಕ್ಕೆ ಎಂದು ಹೇಳುತ್ತಿಲ್ಲ, ಅಡುಗೆ ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದಾಳೆ, ಅದೇ ತನಗೆ ಭಯ. ಬಯಲಿನ ಗಾಳಿ ಮಾತನ್ನು ಕಿತ್ತುಕೊಂಡು ಹೋಗುತ್ತಿತ್ತು. ಅತ್ತಿಗೆ ಬಲಗಿವಿ ಮುಂದೆ ಮಾಡಿ ಕೂತಿದ್ದರೂ ಒಂದು ಕಡೆ ಆಕೆಯ ಹುಬ್ಬು ಗಂಟಿಕ್ಕಿತು. ಒಂದು ಮಾತು ಕಿವಿಗೆ ತಪ್ಪಿತ್ತು. ಗಂಜಿ ಇನ್ನೇನು ಹುಳಿಯಾಗುತ್ತದೆ ಎಂದು ನಾನು ಬಟ್ಟಲನ್ನೇ ನೋಡುತ್ತಿದ್ದೆ.

ಆಗ ಅತ್ತಿಗೆ, ಕೊರಳು ಬಗ್ಗಿಸಿ, ಕಳ್ಳತನ ಒಪ್ಪಿಕೊಳ್ಳುವವಳ ಹಾಗೆ ಕೇಳಿದಳು: "ನೀಲವ್ವ, ಮಗಳು ಬಾಗಿಲಲ್ಲಿ ನಿಂತು ಏನಂದಳು ಅಂದ್ರಿ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ನಾನು ಕಣ್ಣು ಮುಚ್ಚಿದೆ. ನೀಲವ್ವ ಎದ್ದು ಹೋಗುತ್ತಾಳೆ, ಬಟ್ಟಲು ಕಿತ್ತುಕೊಳ್ಳುತ್ತಾಳೆ ಎಂದುಕೊಂಡೆ. ಆಕೆ ಎದ್ದಳು, ಹೌದು. ಒಳಗೆ ಹೋಗಿ ಸುಟ್ಟ ಮೀನು, ಒಂದು ಹಿಡಿ ಹುರಿಗಡಲೆ ತಂದು ಬಟ್ಟಲ ಪಕ್ಕಕ್ಕಿಟ್ಟಳು.

"ಇದು ಯಾಕೆ?" ಎಂದಳು ಅತ್ತಿಗೆ.

"ಇನ್ನೊಂದ್ಸಲ ಕೇಳಿದ್ರಲ್ಲ ಅದಕ್ಕೆ. ಒಂದ್ಸಲ ಎಲ್ರೂ ಕೇಳ್ತಾರೆ. ಎರಡನೇ ಸಲ ಬೇಕು ಅನ್ನೋರು ಎಲ್ಲಿ ಸಿಕ್ತಾರೆ? ನಮ್ಮಲ್ಲಿ ಅದಕ್ಕೆ ಬೆಲೆ ಜಾಸ್ತಿ."

ಮೀನು ನಾವು ತಿನ್ನುವವರಲ್ಲ, ಹುರಿಗಡಲೆ ತಿಂದೆವು. ಗಂಜಿ ಕೊನೆಯ ಗುಟುಕಿನವರೆಗೂ ಸಿಹಿಯಾಗಿತ್ತು. ಬಯಲು ದಾಟುವಾಗ ಅತ್ತಿಗೆ ಹಿಂದಿರುಗಿ ನೋಡಿ, "ನಮ್ಮ ದೇವರಿಲ್ಲದ ಊರು ಕಣೆ ಇದು," ಎಂದಳು.

ಮೇಗಳಪುರ ಮುಟ್ಟಿದಾಗ ಹೊಳೆಸ್ವಾಮಿಯ ಗುಡಿಯಲ್ಲಿ ಓದು ನಡೆದಿತ್ತು. ಅಣ್ಣ ಹೇಳಿದ್ದು ನಿಜ, ನಮಗಿಂತ ಚೆನ್ನಾಗಿ ಓದುತ್ತಿದ್ದರು. ಅದೇ ಪದ್ಯ, ಅದೇ ರಾಗ, ನಮ್ಮಪ್ಪ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗದಲ್ಲೇ ಇವರೂ ಉಸಿರು ತೆಗೆದುಕೊಳ್ಳುತ್ತಿದ್ದರು. ನನ್ನ ಕಣ್ಣು ತುಂಬಿತು. ಅತ್ತಿಗೆ ಗೆದ್ದವಳ ಹಾಗೆ ನನ್ನ ತೋಳು ತಿವಿದಳು. ಆಮೇಲೆ ಗುಡಿಯ ಎದುರಿನ ಅಂಗಡಿಯಲ್ಲಿ ಬಾಳೆಹಣ್ಣಿನ ಚಿಪ್ಪು ಕೈಗೆತ್ತಿಕೊಂಡು, ಅಂಗಡಿಯವನ ಮುಂದೆ ಕೂತು, "ಹೇಳಪ್ಪ," ಎಂದಳು.

"ಏನ್ ಹೇಳ್ಬೇಕು?"

"ನಿನಗೇನು ಹೇಳ್ಬೇಕು ಅನ್ಸುತ್ತೋ ಅದು."

"ದುಡ್ಡು ಕೊಡಿ ಅಂತ ಹೇಳ್ಬೇಕು ಅನ್ಸುತ್ತೆ."

ಸುತ್ತ ನಿಂತವರು ನಕ್ಕರು. ಒಬ್ಬ, "ಹೊಳೆಯಾಚೆಯೋರು ಕಣಯ್ಯ. ಅಲ್ಲಿ ಕಿವಿ ತೋರ್ಸಿದ್ರೆ ಕುದುರೆ ಕೊಡ್ತಾರಂತೆ," ಎಂದ. ಇನ್ನೊಬ್ಬ ತನ್ನ ಕಿವಿ ಹಿಂಡಿಕೊಂಡು, "ಇಕೊಳ್ಳಿ, ಚಿಲ್ಲರೆ ವಾಪಸ್ಸು," ಎಂದ. ಅತ್ತಿಗೆ ಚಿಪ್ಪನ್ನು ಇದ್ದ ಜಾಗದಲ್ಲೇ ಇಟ್ಟಳು. ಡಾಕ್ಟರ ಮನೆಯಲ್ಲೂ ಅದೇ ಆಯಿತು. ಬಾಗಿಲಲ್ಲಿ ಕೂತಿದ್ದ ಗುಮಾಸ್ತೆ ತಲೆಯೆತ್ತದೆ, "ಮೊದಲು ನಾಣ್ಯ, ಆಮೇಲೆ ಕಿವಿ," ಎಂದ.

ಡಾಕ್ಟರ ಮನೆಯ ಮೆಟ್ಟಿಲ ಮೇಲೆ ಕೂತೆವು. ಹಿಂದಿರುಗಿ ಹೋಗಿ ಕಟ್ಟೆಯ ಮುದುಕನ ಮುಂದೆ ಕೂರೋಣವೆಂದರೆ ಅದೇ ಕಿವಿ, ಅದೇ ಭಯ. ಬರಿಗೈಯಲ್ಲಿ ಊರಿಗೆ ಹೋದರೆ ರಾಚಪ್ಪನ ಅಂಗಡಿಯ ಮುಂದೆ ತಲೆ ತಗ್ಗಿಸಿಯೇ ನಡೆಯಬೇಕು, ಬದುಕಿರುವಷ್ಟು ದಿನ.

"ತಪ್ಪು ನಂದೇ," ಎಂದಳು ಅತ್ತಿಗೆ. "ನಿಮ್ಮಣ್ಣ ಬಾಯಿಬಿಟ್ಟು ಹೇಳಿದ. ಅದನ್ನೂ ಅರೆಗಿವೀಲಿ ಕೇಳ್ದೆ. ಅವನೇನೋ ಬಲಗಡೇಲೇ ಕೂತಿದ್ದ."

ಹೀಗೆಂದವಳು ಎಡಗಿವಿಗೆ ಕೈ ಹಾಕಿ ಓಲೆಯ ತಿರುಪು ಬಿಚ್ಚಿದಳು. ಮದುವೆಯಲ್ಲಿ ಇಟ್ಟ ಓಲೆ, ಏಳು ಬಿಳಿಯ ಕಲ್ಲಿನದು. ಅಣ್ಣ ಚೆನ್ನಾಗಿರುವಾಗ ಓಲೆ ತೆಗೆಯುವುದೇ ಎಂದು ನಾನು ಆಕೆಯ ಕೈ ಹಿಡಿದೆ.

"ಬಿಡೆ. ಕೆಲಸ ಮಾಡ್ದೆ ಇರೋದಕ್ಕೆ ಒಡವೆ ಬೇರೆ ಕೇಡು."

ಅಕ್ಕಸಾಲಿ ಒಂಟಿ ಓಲೆಯನ್ನು ತಿರುಗಿಸಿ ನೋಡಿ, "ಜೋಡಿ ತನ್ನಿ ಅಮ್ಮ, ಒಳ್ಳೆ ಬೆಲೆ ಕೊಡ್ತೀನಿ," ಎಂದ. ಅತ್ತಿಗೆ, "ಇನ್ನೊಂದು ಕಿವಿ ಇನ್ನೂ ದುಡೀತಿದೆಯಪ್ಪ," ಎಂದಳು. ಅವನಿಗೆ ಅರ್ಥವಾಗಲಿಲ್ಲ. ತೂಗಿ, ನಾಣ್ಯ ಎಣಿಸಿಕೊಟ್ಟ. ನಾಣ್ಯಗಳು ತಣ್ಣಗಿದ್ದವು. ಅವುಗಳನ್ನು ಪಡೆಯಲು ಯಾರ ಮಾತನ್ನೂ ಕೇಳಬೇಕಾಗಿರಲಿಲ್ಲ ಎಂಬುದು ನನಗೆ ವಿಚಿತ್ರವಾಗಿ ಕಂಡಿತು.

ಡಾಕ್ಟರು ಚಂದ್ರಮತಿ ಎಂಬ ಹೆಂಗಸು, ಬಿರುಸು ನಡಿಗೆಯವರು. ಕೊಳವೆಯಿಟ್ಟು ಎರಡು ಕಿವಿಯೊಳಗೂ ನೋಡಿದರು. ಎಡಗಿವಿಯ ಬಳಿ ಗಂಟೆ ಬಾರಿಸಿ, ಸುಮ್ಮನೆ ತಲೆಯಾಡಿಸಿದರು. ಆಮೇಲೆ ಅತ್ತಿಗೆಯನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು.

"ನಾನು ಹಿಂದೆ ಹಿಂದೆ ಹೋಗ್ತಾ ಸ್ವಾಮಿ ಪದ್ಯ ಹೇಳ್ತೀನಿ. ಕೇಳಿದಷ್ಟನ್ನ ನೀವು ತಿರುಗಿ ಹೇಳ್ಬೇಕು."

ಅವರು ಹೇಳಿದರು: "ಹೊಳೆಯ ಕಾವನೆ ಹೊನ್ನ ಮರಳಿನ." ಅತ್ತಿಗೆ ಹೇಳಿದಳು. ಒಂದು ಹೆಜ್ಜೆ ಹಿಂದೆ ಹೋಗಿ, ದನಿ ಇಳಿಸಿದರು: "ಒಳಗೆ ಮಲಗಿದ ತಂದೆ ಬಡವರ." ಅತ್ತಿಗೆ ಅದನ್ನೂ ಹೇಳಿದಳು. ಡಾಕ್ಟರು ಬಾಗಿಲವರೆಗೆ ಹೋಗಿ, ಬರೀ ಉಸಿರಿನಲ್ಲಿ, "ಅಳಲ ಕೇಳುವ ಕಿವಿಯ ನೀನೆಮಗಿತ್ತು ಸಲಹುವುದೈ," ಎಂದರು.

"ಅಳಲ ಕೇಳುವ," ಎಂದಳು ಅತ್ತಿಗೆ. ನಿಲ್ಲಿಸಿದಳು.

ಪದ್ಯ ಆಕೆಗೆ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮುಗಿಸುತ್ತಿದ್ದಳು. ನಾಲಗೆ ಆ ಸಾಲಿಗೆ ತಾನೇ ಜಾರುವುದು ನಮಗೆಲ್ಲ ಅಭ್ಯಾಸ. ಮೂಲೆಯಲ್ಲಿ ನಿಂತಿದ್ದ ನನ್ನ ತುಟಿಯೇ ಅಲ್ಲಾಡಿತ್ತು. ಆ ಸಾಲನ್ನು ಮುಗಿಸಿದ್ದರೆ ಬಲಗಿವಿ ಗಟ್ಟಿಯಾಗಿದೆ ಎಂದು ಡಾಕ್ಟರ ಬಾಯಿಂದಲೇ ಹೇಳಿಸಿಕೊಂಡು, ಊರಿನಲ್ಲಿ ಎದೆಯುಬ್ಬಿಸಿ ತಿರುಗಬಹುದಿತ್ತು.

"ಮುಂದೆ?" ಎಂದರು ಡಾಕ್ಟರು ಹತ್ತಿರ ಬಂದು.

"ಮುಂದೆ ಏನಿದೆ ಅಂತ ಗೊತ್ತು ತಾಯಿ. ಆದ್ರೆ ಕೇಳಿಸ್ಲಿಲ್ಲ."

ಡಾಕ್ಟರು ಆಕೆಯನ್ನು ಗೋಡೆಯ ಕಡೆಯಿಂದ ತಮ್ಮತ್ತ ತಿರುಗಿಸಿದರು. "ನಮ್ಮೂರೋರು ಎಲ್ರೂ ಪೂರ್ತಿ ಒಪ್ಪಿಸ್ತಾರೆ," ಎಂದರು. "ಪೂರಾ ಕಿವುಡರೂ ಒಪ್ಪಿಸ್ತಾರೆ. ಇಷ್ಟು ವರ್ಷದಲ್ಲಿ ನಡುವೆ ನಿಲ್ಲಿಸಿದೋರನ್ನ ಇವತ್ತೇ ನೋಡಿದ್ದು." ಆಮೇಲೆ ಗುಮಾಸ್ತೆಯನ್ನು ಕರೆದು, ಇವರ ನಾಣ್ಯ ಹಿಂದೆ ಕೊಡು ಎಂದರು.

ಅತ್ತಿಗೆ ಎದ್ದು ನಿಂತಳು. "ಬೇಡ. ನಿಮ್ಮೂರಲ್ಲಿ ಏನು ನಡೆಯುತ್ತೋ ಅದನ್ನೇ ಕೊಟ್ಟಿದೀನಿ. ವಿಚಾರಿಸ್ದೆ ಬಂದದ್ದು ನನ್ನ ತಪ್ಪು, ಅದಕ್ಕೆ ನೀವ್ಯಾಕೆ ದಂಡ ತೆರ್ಬೇಕು? ಕಿವಿ ವಿಷ್ಯ ಹೇಳಿ."

ಹೇಳಿದರು. ಎಡಗಿವಿ ಹೋಯಿತು, ಔಷಧಿಯಿಲ್ಲ. ಬಲಗಿವಿ ತುಸು ಮಂಕಾಗಿದೆ, ಜೋಪಾನ ಮಾಡಿಕೊಂಡರೆ ಬಹಳ ಕಾಲ ಬರುತ್ತದೆ. ಹೇಳುವವರ ಮುಖ ನೋಡಿ ಕೂರಬೇಕು. ಕೇಳಿಸದಿದ್ದರೆ ಮತ್ತೊಮ್ಮೆ ಹೇಳಿಸಿಕೊಳ್ಳಬೇಕು.

ಹೊರಗೆ ಬಂದು ಅತ್ತಿಗೆ ನಕ್ಕಳು, ಅಕ್ಕಿ ಬೇಯದ ದಿನದಿಂದ ಮೊದಲ ಸಲ. "ಇದನ್ನ ಕೇಳಕ್ಕೆ ಒಂದು ಓಲೆ ಕೊಟ್ವಾ? ನೀಲವ್ವ ಗಂಜಿ ಕೊಟ್ಟು ಹೇಳಿದ್ಲು."

ಊರಿಗೆ ಬಂದ ಮರುದಿನ ಬೆಳಿಗ್ಗೆ, ಅಂಗಡಿಬೀದಿಯಲ್ಲಿ ಜನ ತುಂಬಿದ್ದ ಹೊತ್ತಿಗೆ, ಆಕೆ ಒಂಟಿ ಓಲೆಯಲ್ಲೇ ಹೊರಟಳು. ಇನ್ನೊಂದನ್ನೂ ತೆಗೆದುಬಿಡು, ಇಲ್ಲವೇ ಸೆರಗು ಹೊದ್ದುಕೋ ಎಂದು ಅಣ್ಣ ಗೋಗರೆದ. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು, ನಾನು ಹಿಂದೆ. ಬೀದಿಯವರು ಆಕೆಯ ಬರಿಗಿವಿ ನೋಡಿ ಮಾತು ನಿಲ್ಲಿಸಿದರು. ರಾಚಪ್ಪನ ಅಂಗಡಿಯ ಮುಂದೆ ಐದಾರು ಮಂದಿ ಕಾಯುತ್ತಿದ್ದರು. ರಾಚಪ್ಪ ಅಳೆಯುತ್ತಿದ್ದ ಸೇರನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ.

"ರಾಚಪ್ಪ," ಎಂದಳು ಅತ್ತಿಗೆ, ಎಲ್ಲರಿಗೂ ಕೇಳುವ ಹಾಗೆ. "ನನ್ನ ಎಡಗಿವಿ ಸತ್ತಿದೆ. ನೀನು ಆವತ್ತು ಹೇಳಿದ್ದು ನನಗೆ ಅರ್ಧಾನೇ ಕೇಳಿಸ್ತು. ನಿಮ್ಮವ್ವ ಹೋದದ್ದು ಹೇಗೆ ಅಂತ ಇನ್ನೊಂದ್ಸಲ ಹೇಳು."

ಹಿಂದೆ ಯಾರೋ, "ಅಯ್ಯೋ ಶಿವನೆ, ಕೇಳೇಬಿಟ್ಲು," ಎಂದು ಗೊಣಗಿದರು. ಒಬ್ಬಳು ಮಗುವಿನ ಕಿವಿ ಮುಚ್ಚಿದಳು. ರಾಚಪ್ಪನ ಮುಖ ಕೆಂಪಾಯಿತು. ಸೇರಿನಲ್ಲಿದ್ದ ಅಕ್ಕಿ ಹರಿದು ಅವನ ಕಾಲ ಮೇಲೆ ಬಿತ್ತು, ಅವನಿಗೆ ಗೊತ್ತಾಗಲಿಲ್ಲ. ಅತ್ತಿಗೆ ಮಾತ್ರ ಅವನ ಮುಖದ ಮೇಲಿಂದ ಕಣ್ಣು ತೆಗೆಯಲಿಲ್ಲ.

ಅವನು ಸೇರನ್ನು ಕೆಳಗಿಟ್ಟ. ಅಂಗಡಿಯ ಕಟ್ಟೆ ಇಳಿದು ಬಂದ. ಓಲೆಯಿಲ್ಲದ ಕಿವಿಯನ್ನು ಒಂದು ಗಳಿಗೆ ನೋಡಿದ, ಆಕೆಯ ಹಿಂದಿನಿಂದ ಸುತ್ತಿ ಬಂದು, ಓಲೆ ಹೊಳೆಯುತ್ತಿದ್ದ ಕಡೆ, ಮೂಟೆಯ ಮೇಲೆ ಕೂತ.

"ಕೂತ್ಕೊಳ್ಳಿ ತಾಯಿ," ಎಂದ.

ಕೂತಳು. ಅವನು ಸಾವಿನಿಂದ ಶುರು ಮಾಡಲಿಲ್ಲ. ಅವ್ವ ಅಕ್ಕಿ ಕೇರುವಾಗ ಮೊರಕ್ಕೆ ಬಯ್ಯುತ್ತಿದ್ದಳಂತೆ, ಅಲ್ಲಿಂದ ಶುರು ಮಾಡಿದ. ಇದನ್ನು ಆವತ್ತು ಹೇಳಿರಲಿಲ್ಲ ಎಂದು ಅವನೇ ಹೇಳಿದ. ಎರಡನೆಯ ಸಲ ಹೇಳು ಎನ್ನುವವರು ಇಲ್ಲದಿದ್ದರೆ ಇದು ನೆನಪಾಗುತ್ತಲೂ ಇರಲಿಲ್ಲವಂತೆ. ನಡುವೆ ಅತ್ತಿಗೆ ಒಮ್ಮೆ ಕೈಯೆತ್ತಿ, "ಏನು, ಮತ್ತೆ ಹೇಳು," ಎಂದಳು. ಅವನು ಮತ್ತೆ ಹೇಳಿದ, ಮೊದಲಿಗಿಂತ ನಿಧಾನವಾಗಿ. ಬಿಸಿಲು ಏರಿತು. ಅಕ್ಕಿಗೆ ಬಂದವರು ಯಾರೂ ಹೋಗಲಿಲ್ಲ. ಒಬ್ಬೊಬ್ಬರೇ ನೆಲದ ಮೇಲೆ ಕೂತರು.

ಬೇರೆ ಊರಿನ ಬಳೆಗಾರನೊಬ್ಬ ಬಳೆಯ ಮಲಾರ ಹೊತ್ತು ಆ ದಾರಿಯಲ್ಲಿ ಬಂದವನು, ಗುಂಪು ನೋಡಿ ನನ್ನ ಪಕ್ಕ ನಿಂತ. "ಆ ಒಂಟಿ ಓಲೆಯಮ್ಮ ಯಾರು?" ಎಂದು ಪಿಸುಗುಟ್ಟಿದ.

"ನಮ್ಮತ್ತಿಗೆ," ಎಂದೆ.

ಅವನಿಗೆ ಕೇಳಿಸಲಿಲ್ಲವೋ ಏನೋ, ಇನ್ನೊಮ್ಮೆ ಕೇಳಿದ. ನಾನು ಇನ್ನೊಮ್ಮೆ ಹೇಳಿದೆ, ಬೀದಿಯ ಆ ತುದಿಗೂ ಮುಟ್ಟುವ ಹಾಗೆ.